ಹುಲ್ಲುಗಾವಲಿನ ವಾರಸುದಾರರು

ಬಸ್ ನಿಲ್ದಾಣದ ಹಿಂಬದಿಯಲ್ಲಿ, ಶೌಚಾಲಯಕ್ಕೂ ಟೈರುಗಳ ಗೋದಾಮಿಗೂ ನಡುವೆ ಒಂದು ಉದ್ದನೆಯ ಕೋಣೆ. ಬಾಗಿಲ ಮೇಲೆ ‘ಕಳೆದುಹೋದ ವಸ್ತುಗಳ ವಿಭಾಗ’ ಎಂದು ಬರೆದಿದೆ. ಇಪ್ಪತ್ತೊಂಬತ್ತು ವರ್ಷಗಳಿಂದ ಆ ಕೋಣೆಗೆ ಮುಖ್ಯಸ್ಥರೂ ಒಬ್ಬರೇ, ಗುಮಾಸ್ತರೂ ಅವರೇ, ಗುಡಿಸುವವರು ರಜೆ ಹಾಕಿದ ದಿನ ಪೊರಕೆ ಹಿಡಿಯುವವರೂ ಅವರೇ. ಬೀದಿಯವರೆಲ್ಲ ಅವರನ್ನು ಪತ್ತೇದಾರರು ಎಂದು ಕರೆಯುತ್ತಿದ್ದರು. ಅದಕ್ಕೆ ಕಾರಣವಿತ್ತು. ಬಸ್ಸಿನಲ್ಲಿ ಸಿಕ್ಕ ಒಂದು ಕೊಡೆಯನ್ನು ಅವರ ಕೈಗೆ ಕೊಟ್ಟರೆ ಸಾಕು, ಹಿಡಿಯನ್ನು ಒಮ್ಮೆ ಮೂಸಿ, ಕಡ್ಡಿಗಳನ್ನು ಒಮ್ಮೆ ಬಿಚ್ಚಿ ಮುಚ್ಚಿ, “ಎಡಗೈಯವರು. ಸ್ವಲ್ಪ ಕುಳ್ಳಗಿದ್ದಾರೆ. ಮನೇಲಿ ಜಗಳ ಆಡ್ಕೊಂಡು ಹೊರಟಿದ್ದಾರೆ,” ಎಂದು ಹೇಳಿಬಿಡುತ್ತಿದ್ದರು. ವಾರಸುದಾರರು ಬಂದಾಗ ಅವರು ಬಲಗೈಯವರೂ ಆರಡಿ ಎತ್ತರದವರೂ ಬ್ರಹ್ಮಚಾರಿಗಳೂ ಆಗಿರುತ್ತಿದ್ದುದುಂಟು. ಆಗ ಪತ್ತೇದಾರರು, “ಹಾಗಾದ್ರೆ ಕೊಡೆ ಇವರದ್ದಲ್ಲ, ಯಾರಿಂದಲೋ ಇಸ್ಕೊಂಡಿದ್ದಾರೆ,” ಎನ್ನುತ್ತಿದ್ದರು. ‘ಗೊತ್ತಿಲ್ಲ’ ಎಂಬ ಶಬ್ದ ಅವರ ಬಾಯಿಂದ ಬಂದದ್ದನ್ನು ಕೇಳಿದವರೇ ಇರಲಿಲ್ಲ.

ಒಂದು ಸಂಜೆ ಪಕ್ಕದ ಮನೆಯ ಭೂಗೋಳದ ಮೇಷ್ಟ್ರು ಕಾಂಪೌಂಡಿನ ಮೇಲೆ ಮೊಣಕೈ ಊರಿ, ಬೆಟ್ಟದ ಮೇಲಿನ ಸಂರಕ್ಷಿತ ಅರಣ್ಯದ ವಿಷಯ ತೆಗೆದರು. ನಿವೃತ್ತರಾದ ಮೇಲೆ ಪಾಠ ಮಾಡಲು ಕಾಂಪೌಂಡು ಬಿಟ್ಟರೆ ಅವರಿಗೆ ಬೇರೆ ಮೇಜಿರಲಿಲ್ಲ. “ಕೆಳಗೆ ಕಾಡು, ಮೇಲೆ ಹುಲ್ಲುಗಾವಲು. ದಿನಕ್ಕೆ ನಲವತ್ತೇ ಜನರನ್ನ ಬಿಡ್ತಾರೆ. ನೀವು ನೋಡಿದ್ದೀರೇನು?”

“ನೋಡದೇ ಏನು!” ಎಂದರು ಪತ್ತೇದಾರರು. “ಆ ಬೆಟ್ಟದ ಒಂದೊಂದು ಕಲ್ಲೂ ನನಗೆ ಪರಿಚಯ.”

ಅವರ ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದವರು ಅಲ್ಲೇ ನಿಂತು ಗಂಡನ ಮುಖ ನೋಡಿದರು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಈ ಮನುಷ್ಯ ಹತ್ತಿದ ಅತಿ ಎತ್ತರದ ಜಾಗವೆಂದರೆ ಅಟ್ಟದ ಏಣಿಯ ನಾಲ್ಕನೇ ಮೆಟ್ಟಿಲು. ಆಕೆ ಮರುದಿನ ಮೂರು ಜನರಿಗೆ ಅನುಮತಿ ಚೀಟಿ ತಂದು ಗಂಡನ ತಟ್ಟೆಯ ಪಕ್ಕದಲ್ಲಿ ಇಟ್ಟರು. “ಭಾನುವಾರಕ್ಕೆ. ಮೇಷ್ಟ್ರೂ ಬರ್ತಾರೆ. ಒಂದೊಂದು ಕಲ್ಲನ್ನೂ ಪರಿಚಯ ಮಾಡ್ಕೊಡಿ.”

ಪತ್ತೇದಾರರು ಚೀಟಿಯನ್ನು ಎರಡು ಸಲ ಓದಿದರು. ಆಮೇಲೆ ಸಾವರಿಸಿಕೊಂಡು, “ಈ ಋತುವಿನಲ್ಲಿ ಕಲ್ಲುಗಳು ಸ್ವಲ್ಪ ಬದಲಾಗಿರುತ್ತವೆ,” ಎಂದರು.

ಭಾನುವಾರ ಬೆಳಗ್ಗೆ ಮೂವರೂ ಬೆಟ್ಟದ ಬುಡದ ಗೇಟಿನಲ್ಲಿ ನಿಂತಿದ್ದರು. ಮೇಷ್ಟ್ರ ಕೊರಳಲ್ಲಿ ದುರ್ಬೀನು, ಹೆಂಡತಿಯ ಕೈಯಲ್ಲಿ ಬುತ್ತಿಯ ಚೀಲ, ಪತ್ತೇದಾರರ ಬಳಿ ಬಾಗಿದ ಹಿಡಿಯ ಕೊಡೆ ಮತ್ತು ಜೇಬಿನಲ್ಲಿ ಕಚೇರಿಯ ನೋಟುಬುಕ್ಕು. ಗೇಟಿನ ಕಾವಲುಗಾರ ಮೂವರ ಬೂಟಿನ ಅಡಿಯನ್ನೂ ಬ್ರಷ್ಷಿನಿಂದ ಉಜ್ಜಿಸಿದ. ಊರಿನ ಕಳೆಬೀಜ ಬೂಟಿಗೆ ಅಂಟಿಕೊಂಡು ಮೇಲೆ ಹೋಗಬಾರದಂತೆ. ಪತ್ತೇದಾರರಿಗೆ ಈ ಕಟ್ಟುನಿಟ್ಟು ಬಹಳ ಹಿಡಿಸಿತು. ತಮ್ಮ ಬೂಟಿನಿಂದ ಉದುರಿದ್ದನ್ನು ಬಗ್ಗಿ ನೋಡಿ, ಯಾವ ರಸ್ತೆಯ ಮಣ್ಣು ಎಂಬುದನ್ನೂ ಕಾವಲುಗಾರನಿಗೆ ತಿಳಿಸಿದರು.

ಗೇಟಿನ ಮೇಲೆ ದೊಡ್ಡ ಫಲಕವಿತ್ತು. ದಾರಿ ಬಿಟ್ಟು ಒಂದು ಹೆಜ್ಜೆಯೂ ಇಡಬಾರದು. ಹೂವು, ಎಲೆ, ಕಲ್ಲು ಯಾವುದನ್ನೂ ತೆಗೆದುಕೊಂಡು ಹೋಗಬಾರದು. ಮನುಷ್ಯರ ಯಾವ ವಸ್ತುವೂ ಒಳಗೆ ಉಳಿಯಬಾರದು.

“ದಾರೀಲಿ ಯಾರಾದ್ರೂ ಬಿಟ್ಟುಹೋಗಿದ್ದು ಏನಾದ್ರೂ ಕಂಡ್ರೆ ತಂದು ಆಫೀಸಲ್ಲಿ ಕೊಡಿ ಸಾರ್, ದೊಡ್ಡ ಉಪಕಾರ,” ಎಂದ ಕಾವಲುಗಾರ. ಅವನು ಎಲ್ಲರಿಗೂ ಹೇಳುವ ಮಾತದು. ಬಿಸ್ಕತ್ತಿನ ಕಾಗದ, ನೀರಿನ ಬಾಟಲಿ ಅವನ ಮನಸ್ಸಿನಲ್ಲಿದ್ದವು. ಆದರೆ ಇಪ್ಪತ್ತೊಂಬತ್ತು ವರ್ಷ ಇದೇ ಕೆಲಸ ಮಾಡಿದವರಿಗೆ ಆ ಮಾತು ಹೇಗೆ ಕೇಳಿಸಿರಬೇಕು! ಪತ್ತೇದಾರರು ನೆಟ್ಟಗೆ ನಿಂತು, “ಅದನ್ನ ನನಗೆ ಬಿಡಿ,” ಎಂದರು.

ಕಾಡಿನ ದಾರಿಯಲ್ಲಿ ಎರಡು ಗಂಟೆ ಹತ್ತಿದರು. ಮೇಷ್ಟ್ರು ಬಂಡೆಗಳ ವಯಸ್ಸು ಹೇಳಿದರು. ಪತ್ತೇದಾರರು ದಾರಿಯ ಮೇಲೆ ಬಿದ್ದಿದ್ದ ಹಿಕ್ಕೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, “ಇದರ ವಾರಸುದಾರರು ಬೆಳಗ್ಗೆ ಗಾಬರೀಲಿ ಓಡಿದ್ದಾರೆ,” ಎಂದರು. ಮರದ ತೊಗಟೆಯಲ್ಲಿ ಉಜ್ಜಿದ ಗುರುತು ಕಂಡಾಗ, “ಬೆನ್ನು ತುರಿಕೆ. ಬಲಗಡೆ,” ಎಂದರು. ಹೆಂಡತಿಗೆ ನಗು ಬಂತು. ಆದರೆ ಸ್ವಲ್ಪ ಹೊತ್ತಿನಲ್ಲಿ ಆಕೆಯೂ ಬಗ್ಗಿ ಬಗ್ಗಿ ನೋಡತೊಡಗಿದ್ದರು. ಆ ಕಾಡೇ ಹಾಗಿತ್ತು; ಎಲ್ಲಿ ನೋಡಿದರೂ ಯಾರೋ ಈಗಷ್ಟೇ ಏನೋ ಮಾಡಿ ಎದ್ದುಹೋದ ಗುರುತು.

ಮರಗಳು ಇದ್ದಕ್ಕಿದ್ದಂತೆ ಮುಗಿದು ಹುಲ್ಲುಗಾವಲು ತೆರೆದುಕೊಂಡಿತು. ಮೂವರೂ ಸುಮ್ಮನಾದರು. ಮೇಷ್ಟ್ರು ಕೂಡ ಸುಮ್ಮನಾದರು ಎಂದ ಮೇಲೆ ಆ ಜಾಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಮೊದಲನೆಯದು ಪತ್ತೇದಾರರಿಗೇ ಕಂಡಿತು. ದಾರಿಯಿಂದ ಒಂದು ಮೊಳ ಆಚೆ, ಹುಲ್ಲಿನೊಳಗೆ, ಗೇಣುದ್ದದ ತಂತಿಯ ತುದಿಯಲ್ಲಿ ಕೋಟಿನ ಗುಂಡಿಯಷ್ಟು ಹಳದಿ ತಗಡಿನ ಬಿಲ್ಲೆ. ಬಿಲ್ಲೆಯ ಮೇಲೆ 1 ಎಂದು ಕೆತ್ತಿದೆ.

“ನಂಬರ್ ಇದೆ!” ಎಂದು ಕೊಡೆಯಿಂದ ತೋರಿಸಿದರು. ಅವರ ಕೋಣೆಯಲ್ಲಿ ಒಂದೊಂದು ವಸ್ತುವಿಗೂ ಕಟ್ಟುವ ಬಿಲ್ಲೆ ಹೀಗೆಯೇ ಇತ್ತು, ತಗಡಿನ ಬದಲು ರಟ್ಟು ಅಷ್ಟೇ.

“ಸರ್ವೆಯವರು ನೆಟ್ಟಿರಬೇಕು,” ಎಂದರು ಮೇಷ್ಟ್ರು.

“ಸರ್ವೆಯವರು ಕಲ್ಲು ನೆಡ್ತಾರೆ, ಗುಂಡಿ ನೆಡಲ್ಲ. ಇದು ಯಾವುದೋ ದೊಡ್ಡ ಪಾರ್ಟಿ ಬಂದಿತ್ತು ನೋಡಿ. ಕೋಟು ಇಡೋ ಕಡೆ ಕೊಟ್ಟ ಟೋಕನ್ನು. ಊಟ ಆದ್ಮೇಲೆ ಆಟಕ್ಕೆ ನೆಲಕ್ಕೆ ಚುಚ್ಚಿದ್ದಾರೆ, ಆಮೇಲೆ ಮರೆತಿದ್ದಾರೆ. ಪಾಪ, ಕೋಟುಗಳು ಎಲ್ಲಿ ನೇತಾಡ್ತಾ ಇವೆಯೋ.”

“ಇದ್ದಲ್ಲೇ ಇರ್ಲಿ ಬಿಡ್ರೀ,” ಎಂದರು ಹೆಂಡತಿ.

“ಫಲಕ ಓದಿಲ್ವಾ? ಮನುಷ್ಯರ ಯಾವ ವಸ್ತುವೂ ಉಳಿಯಬಾರದು!”

ದಾರಿ ಬಿಟ್ಟು ಹೆಜ್ಜೆಯಿಡಬಾರದು ಎಂಬುದನ್ನೂ ಅವರು ಓದಿದ್ದರು. ನಿಯಮದ ಮನುಷ್ಯ. ದಾರಿಯ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಕೊಡೆಯ ಬಾಗಿದ ಹಿಡಿಯನ್ನು ಚಾಚಿ, ತಂತಿಗೆ ಸಿಕ್ಕಿಸಿ, ಬಾವಿಯಿಂದ ಬಿಂದಿಗೆ ತೆಗೆಯುವಷ್ಟು ನಾಜೂಕಾಗಿ ಎಳೆದರು. ಆಮೇಲೆ ನೋಟುಬುಕ್ಕು ತೆರೆದು ಕಚೇರಿಯ ಪದ್ಧತಿಯಂತೆ ಬರೆದರು: ಎಲ್ಲಿ ಸಿಕ್ಕಿತು, ಹೇಗಿತ್ತು, ಪಕ್ಕದಲ್ಲಿ ಏನಿತ್ತು. ಇದನ್ನು ಬರೆಯಲೇಬೇಕು. ನಾಳೆ ವಾರಸುದಾರರೆಂದು ಹೇಳಿಕೊಂಡು ಯಾರಾದರೂ ಬಂದರೆ ಇದರ ಮೇಲೆಯೇ ಅಡ್ಡಪ್ರಶ್ನೆ. ಈ ಪದ್ಧತಿಯ ದೆಸೆಯಿಂದ ಅವರು ಇಷ್ಟು ವರ್ಷದಲ್ಲಿ ಒಂದೇ ಒಂದು ವಸ್ತುವನ್ನೂ ತಪ್ಪಾದವರ ಕೈಗೆ ಕೊಟ್ಟಿರಲಿಲ್ಲ. ನಿವೃತ್ತಿಗೆ ಏಳು ತಿಂಗಳಿತ್ತು. ಆ ಹೆಗ್ಗಳಿಕೆಯನ್ನು ಹಾಗೆಯೇ ಮನೆಗೆ ಒಯ್ಯಬೇಕೆಂಬುದೇ ಅವರಿಗಿದ್ದ ಒಂದೇ ಆಸೆ.

ನಾಲ್ಕು ಹೆಜ್ಜೆಗೆ 2 ಸಿಕ್ಕಿತು. ಅದರ ಮುಂದೆ 3. ದಾರಿಯ ಆಚೆಗೂ ಈಚೆಗೂ ಬಿಲ್ಲೆಗಳೇ ಬಿಲ್ಲೆಗಳು. ಮೊದಮೊದಲು ತಲೆ ಚಚ್ಚಿಕೊಂಡ ಮೇಷ್ಟ್ರು ಹತ್ತನೆಯದರ ಹೊತ್ತಿಗೆ ದುರ್ಬೀನು ಹಿಡಿದು, “ಎಡಕ್ಕೆ! ಎಡಕ್ಕೆ! ಹದಿನಾಲ್ಕು ಅಲ್ಲಿದೆ!” ಎಂದು ಕೂಗುತ್ತಿದ್ದರು. ಹೆಂಡತಿ ಬುತ್ತಿಯ ಚೀಲದ ಒಂದು ಖಾನೆಯನ್ನು ಖಾಲಿ ಮಾಡಿಕೊಟ್ಟರು. ಪತ್ತೇದಾರರು ಮಲಗಿ ಎಳೆದು ಎದ್ದು ಬರೆದರು. ಮಲಗಿ ನೋಡುವಾಗ ಹುಲ್ಲೊಳಗೆ ಬೇರೊಂದು ಊರೇ ಕಾಣುತ್ತಿತ್ತು, ಅದನ್ನೂ ಬರೆದರು. ‘23: ಪಕ್ಕದಲ್ಲಿ ನೆಲಕ್ಕಂಟಿದ ಗಿಡ, ಎಲೆ ಒಂಬತ್ತು, ಒಂದನ್ನು ಹುಳು ಅರ್ಧಚಂದ್ರ ಆಕಾರದಲ್ಲಿ ಕಚ್ಚಿದೆ.’ ‘38: ಗಿಡ ದಪ್ಪಗಿದೆ, ಪಕ್ಕದ ಕಲ್ಲಿನ ಮೇಲೆ ಮೊಣಕೈ ಊರಿದಂತಿದೆ, ನಮ್ಮ ಮೇಷ್ಟ್ರ ಹಾಗೆ.’ ‘40: ಗಿಡಕ್ಕೆ 39ರ ಮುಖ ನೋಡಲು ಇಷ್ಟವಿಲ್ಲ, ಪೂರ್ತಿ ಆ ಕಡೆ ತಿರುಗಿದೆ.’

ಅರವತ್ತು ದಾಟುವ ಹೊತ್ತಿಗೆ ಹೆಂಡತಿ ದೂರದ ಬಂಡೆಯಿಂದ, “ಊಟ ಆರಿ ತಣ್ಣಗಾಯ್ತು, ಬರ್ತೀರೋ ನಾನೇ ಎಲ್ಲಾ ತಿಂದುಬಿಡಲೋ?” ಎಂದು ಕೂಗಿದರು. ಕಣ್ಣಿಗೆ ಕಾಣುವಂತೆ ಉಳಿದದ್ದು ಹನ್ನೆರಡು. ಹೊಟ್ಟೆ ಚುರುಗುಟ್ಟುತ್ತಿತ್ತು. ಪತ್ತೇದಾರರು ಹನ್ನೆರಡನ್ನೂ ಸರಸರನೆ ಎಳೆದು, ಹನ್ನೆರಡರ ಮುಂದೆಯೂ ಒಂದೇ ಶಬ್ದ ಬರೆದರು: ‘ಸದರಿ.’ ಅಂದರೆ, ಮೇಲೆ ಹೇಳಿದಂತೆಯೇ. ಕಚೇರಿಗಳಲ್ಲಿ ಊಟದ ಹೊತ್ತು ಸಮೀಪಿಸಿದಾಗ ಪ್ರಪಂಚವೆಲ್ಲ ಸದರಿ ಆಗುವುದು ಹೊಸದೇನಲ್ಲ.

ಮಧ್ಯಾಹ್ನ ಎರಡೂವರೆಗೆ, ಹುಲ್ಲುಗಾವಲಿನ ಅಂಚಿನಲ್ಲಿದ್ದ ಅರಣ್ಯ ಕಚೇರಿಯ ಮೇಜಿನ ಮೇಲೆ ಎಪ್ಪತ್ತೆರಡು ಬಿಲ್ಲೆಗಳು ಘಲಘಲನೆ ಸುರಿದವು. ಅಧಿಕಾರಿ ಹೊಸಬರು, ಬಂದು ವಾರವೂ ಆಗಿರಲಿಲ್ಲ. ಎದ್ದು ಪತ್ತೇದಾರರ ಕೈ ಕುಲುಕಿದರು. “ನಿಮ್ಮಂಥ ನಾಗರಿಕರು ಇನ್ನೂ ನಾಲ್ಕು ಜನ ಇದ್ದಿದ್ರೆ!” ಎಂದರು. ಪತ್ತೇದಾರರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದರು.

ಆಗ ಒಳಕೋಣೆಯಿಂದ ಒಬ್ಬ ಹೆಂಗಸು ಚಹದ ಲೋಟ ಹಿಡಿದು ಬಂದರು. ಬಿಸಿಲಿಗೆ ಬಣ್ಣಗೆಟ್ಟ ಟೋಪಿ, ಮಂಡಿಯ ಹತ್ತಿರ ತೇಪೆ ಹಾಕಿದ ಪ್ಯಾಂಟು. ಗಿಡಗಳ ಅಧ್ಯಯನ ಮಾಡುವ ವಿಜ್ಞಾನಿ. ಮೇಜು ನೋಡಿದರು. ಲೋಟವನ್ನು ಮೆಲ್ಲಗೆ ಕಿಟಕಿಯ ಮೇಲಿಟ್ಟರು. ಒಂದು ಬಿಲ್ಲೆ ಎತ್ತಿ ನೋಡಿದರು. ಮತ್ತೊಂದು.

“ಇವು ನನ್ನವು,” ಎಂದರು. ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು.

ಪತ್ತೇದಾರರ ಮುಖ ಅರಳಿತು. ಸಿಕ್ಕ ದಿನವೇ ವಾರಸುದಾರರು ಬರುವುದು ಅಪರೂಪದಲ್ಲಿ ಅಪರೂಪ. ಆದರೂ ಪದ್ಧತಿ ಪದ್ಧತಿಯೇ. ಎರಡೂ ಕೈಗಳಿಂದ ಬಿಲ್ಲೆಗಳನ್ನು ತಮ್ಮ ಕಡೆ ಬಳಿದುಕೊಂಡರು. “ಸಂತೋಷ ಅಮ್ಮ. ಆದ್ರೆ ಹಾಗೆಲ್ಲ ಕೊಡೋಕಾಗಲ್ಲ. ನಿಮ್ಮವು ಅನ್ನೋದಕ್ಕೆ ಗುರುತು ಹೇಳಿ. 23 ಎಲ್ಲಿ ಕಳ್ಕೊಂಡ್ರಿ?”

“ನಾನು ಕಳ್ಕೊಂಡಿಲ್ಲ! ನೆಟ್ಟಿದ್ದೆ!”

“ಎಲ್ರೂ ಹಾಗೇ ಹೇಳ್ತಾರೆ. ಮರೆತೆ ಅಂತ ಯಾರೂ ಒಪ್ಪಲ್ಲ. 23ರ ಪಕ್ಕದಲ್ಲಿ ಏನಿತ್ತು?”

“ಏನಿತ್ತು ಅಂದ್ರೆ? ಗಿಡ ಇತ್ತು! ಹನ್ನೊಂದು ವರ್ಷದ ಗಿಡ! ಜೀವಮಾನದಲ್ಲಿ ಒಂದೇ ಸಲ ಹೂ ಬಿಟ್ಟು ಸಾಯೋ ಗಿಡ! ಒಂದೊಂದಕ್ಕೂ ಒಂದು ನಂಬರ್. ಹುಟ್ಟಿದಾಗಿಂದ ಪ್ರತಿ ವರ್ಷ ಎಷ್ಟು ಎಲೆ, ಎಷ್ಟು ಅಗಲ ಅಂತ ಬರ್ಕೊಂಡು ಬಂದಿದ್ದೀನಿ. ಈ ವರ್ಷ ಹೂ ಬಿಡುತ್ತೆ ಅಂತ ಕಾಯ್ತಾ ಇದ್ದೆ. ನಂಬರ್ ಇಲ್ದೇ ಇದ್ರೆ ಯಾವ ಗಿಡ ಯಾವುದು ಅಂತ ಹೇಗ್ರೀ ಹೇಳೋದು? ಹನ್ನೊಂದು ವರ್ಷ ಹೋಯ್ತಲ್ರೀ!”

ಅಧಿಕಾರಿ ಕುಲುಕಿದ್ದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಮೇಷ್ಟ್ರು ದುರ್ಬೀನನ್ನು ಸದ್ದಿಲ್ಲದೆ ಕೊರಳಿಂದ ತೆಗೆದು ಬುತ್ತಿಯ ಚೀಲಕ್ಕೆ ಸೇರಿಸಿದರು. “ನಾನು ಆಗಲೇ ಹೇಳಿದ್ದೆ, ಸರ್ವೆ ಅಂತ,” ಎಂದು ಗೋಡೆಯ ಕಡೆ ತಿರುಗಿ ಹೇಳಿದರು.

“ನಿಮ್ಮ ಮೇಲಧಿಕಾರಿ ಯಾರ್ರೀ?” ಎಂದು ಅಧಿಕಾರಿ ಗುಡುಗಿದರು. “ಕಳೆದ ವಸ್ತು ಕಾಯೋ ಮನುಷ್ಯನೇ ಇದ್ದ ವಸ್ತು ಕಳೀತಾನೆ ಅಂತ ಕಾಗದ ಬರೀತೀನಿ! ಇವತ್ತೇ!”

ಗಾಬರಿಯಾದಾಗ ಪತ್ತೇದಾರರ ಕೈ ರೂಢಿಯ ಕೆಲಸವನ್ನೇ ಮಾಡುತ್ತದೆ. ಅದು ನೋಟುಬುಕ್ಕನ್ನು ತೆರೆದಿತ್ತು. “23,” ಎಂದು ಅವರು ಓದಿದರು, “ಸೀಳಿದ ಬಂಡೆಯಿಂದ ಹದಿನಾರು ಹೆಜ್ಜೆ, ಬಲಗಡೆ, ದಾರಿಯಿಂದ ಕೊಡೆಯ ಮುಕ್ಕಾಲು ಉದ್ದ. ಎಲೆ ಒಂಬತ್ತು, ಒಂದನ್ನು ಹುಳು ಕಚ್ಚಿದೆ...”

ವಿಜ್ಞಾನಿ ತಲೆಯೆತ್ತಿದರು. “ಏನಂದ್ರಿ? 24 ಓದಿ.” ಓದಿದರು. “31?” ಓದಿದರು. “40?”

“39ರ ಮುಖ ನೋಡಲು ಇಷ್ಟವಿಲ್ಲ,” ಎಂದು ಓದಿ ಪತ್ತೇದಾರರು ನಾಚಿಕೊಂಡರು. “ಅದು ಸ್ವಲ್ಪ ಹೆಚ್ಚಾಯ್ತು.”

ವಿಜ್ಞಾನಿ ನೋಟುಬುಕ್ಕನ್ನು ಕಿತ್ತುಕೊಂಡು ಪುಟ ತಿರುವಿದರು. ಆಕೆಯ ಮುಖಕ್ಕೆ ಸ್ವಲ್ಪ ಸ್ವಲ್ಪವಾಗಿ ರಕ್ತ ಬಂತು. “ಐದಕ್ಕೆ ಹುಲ್ಲುಗಾವಲು ಖಾಲಿ ಮಾಡ್ಬೇಕು. ಏಳಿ! ಎಲ್ರೂ ಏಳಿ!”

ಹಾಗೆ ಒಂದು ಮೆರವಣಿಗೆ ಹುಲ್ಲುಗಾವಲಿಗೆ ಹೊರಟಿತು. ಮುಂದೆ ವಿಜ್ಞಾನಿ, ಹಿಂದೆ ನೋಟುಬುಕ್ಕು ಹಿಡಿದ ಪತ್ತೇದಾರರು, ಅವರ ಹಿಂದೆ ಬಿಲ್ಲೆಗಳನ್ನು ನಂಬರಿನ ಪ್ರಕಾರ ಸೆರಗಿನಲ್ಲಿ ಜೋಡಿಸಿಕೊಂಡ ಹೆಂಡತಿ, ಹೆಜ್ಜೆ ಎಣಿಸಲು ಮೇಷ್ಟ್ರು, ಇವರೆಲ್ಲರ ಮೇಲೆ ಕಣ್ಣಿಡಲು ಅಧಿಕಾರಿ. ಪತ್ತೇದಾರರು ಓದುವರು, ಮೇಷ್ಟ್ರು ಎಣಿಸುವರು, ವಿಜ್ಞಾನಿ ನೆಡುವರು. ಹತ್ತನೆಯದರಲ್ಲಿ ಗೊಂದಲವಾಯಿತು, ಮೇಷ್ಟ್ರ ಹೆಜ್ಜೆ ಪತ್ತೇದಾರರ ಹೆಜ್ಜೆಗಿಂತ ಉದ್ದ. ಆಮೇಲೆ ಪತ್ತೇದಾರರೇ ಓದಿಕೊಂಡು ಹೆಜ್ಜೆ ಹಾಕಿದರು. ‘38: ನಮ್ಮ ಮೇಷ್ಟ್ರ ಹಾಗೆ’ ಎಂಬುದು ಬಂದಾಗ ಅವರು ಕೆಮ್ಮಿ ದಾಟಿಸಲು ನೋಡಿದರು. ಅಷ್ಟರಲ್ಲಿ ವಿಜ್ಞಾನಿ ಗಿಡ ನೋಡಿ, ಮೇಷ್ಟ್ರನ್ನು ನೋಡಿ, “ಹೌದು, ಇದೇ,” ಎಂದುಬಿಟ್ಟರು. ಅಧಿಕಾರಿಯೂ ಬಗ್ಗಿ ನೋಡಿದರು. ಕಾಗದ ಬರೆಯುವ ವಿಷಯ ಆಮೇಲೆ ಅವರ ಬಾಯಲ್ಲಿ ಬರಲಿಲ್ಲ, “40 ಎಲ್ಲಿ, ಆ ಸಿಟ್ಟಿನದು?” ಎಂದು ತಾವೇ ಕೇಳಿದರು.

ಅರವತ್ತು ಮುಗಿಯಿತು. ನಾಲ್ಕು ಗಂಟೆ. ಮುಂದಿನದು ಸದರಿ.

“ಸದರಿ ಅಂದ್ರೆ?” ಎಂದರು ವಿಜ್ಞಾನಿ.

“ಊಟ,” ಎಂದರು ಹೆಂಡತಿ.

ಪತ್ತೇದಾರರಿಗೆ ಹುಲ್ಲುಗಾವಲು ಬಾಯಿ ಬಿಟ್ಟು ತಮ್ಮನ್ನು ನುಂಗಬಾರದೇ ಅನ್ನಿಸಿತು. ವಿಜ್ಞಾನಿ ಮಂಡಿಯೂರಿ ಕೂತರು. ತಮ್ಮ ಹಳೆಯ ಪುಸ್ತಕ ತೆಗೆದು, ಎಲೆ ಎಣಿಸಿ, ಅಳತೆಪಟ್ಟಿ ಹಿಡಿದು, ಒಂದೊಂದೇ ಗಿಡವನ್ನು ಗುರುತಿಸುತ್ತ ಹೋದರು. 64, 70, 66. ಹತ್ತು ಗಿಡಗಳು ಹಾಗೆ ತಮ್ಮ ಬಿಲ್ಲೆ ಪಡೆದವು. ಕೊನೆಗೆ ಎರಡು ಬಿಲ್ಲೆ ಉಳಿದವು, 71 ಮತ್ತು 72. ಎರಡು ಗಿಡಗಳೂ ಉಳಿದವು. ಒಂದರ ಪಕ್ಕ ಒಂದು, ಅಷ್ಟೇ ಎಲೆ, ಅಷ್ಟೇ ಅಗಲ, ಅವಳಿಜವಳಿ ಮಕ್ಕಳ ಹಾಗೆ.

“ಎಪ್ಪತ್ತೆರಡರಲ್ಲಿ ಇದೊಂದೇ ನೀಲಿ,” ಎಂದರು ವಿಜ್ಞಾನಿ, 71ರ ಬಿಲ್ಲೆ ಹಿಡಿದು. “ಉಳಿದದ್ದೆಲ್ಲ ಬಿಳಿ ಹೂವಿಂದು. ಈ ಬೆಟ್ಟದಲ್ಲಿ ನಾನು ಕಂಡ ನೀಲಿ ಹೂವಿನ ಗಿಡ ಒಂದೇ. ಅದರ ಬೀಜ ನಾನೇ ಬಿತ್ತಿದ್ದು, ಹುಟ್ಟಿದ್ದು ಇದೊಂದು. ಮುಂದಿನ ವಾರ ಇದರ ಸುತ್ತ ಬಲೆ ಹಾಕಿಸಬೇಕು, ಮೊಗ್ಗು ಬಂದ್ರೆ ಜಿಂಕೆ ಬಿಡಲ್ಲ. ಬಲೆ ಇರೋದು ಒಂದೇ ಗಿಡಕ್ಕೆ ಆಗುವಷ್ಟು.” ಆಕೆ ಪತ್ತೇದಾರರ ಕಡೆ ತಿರುಗಿದರು. “ನೀವೇ ಎಳೆದಿದ್ದು. 71 ಯಾವುದರ ಪಕ್ಕದಲ್ಲಿತ್ತು?”

ಎಲ್ಲರೂ ಪತ್ತೇದಾರರನ್ನು ನೋಡಿದರು. ಅವರು ದಾರಿಯಂಚಿನಲ್ಲಿ ಮಲಗಿ ಎರಡೂ ಗಿಡಗಳನ್ನು ದಿಟ್ಟಿಸಿದರು. ಮೂಸಿದರು. ಎದ್ದು ಕೂತು ಮತ್ತೆ ಮಲಗಿದರು. ಮೇಷ್ಟ್ರು ಪಕ್ಕಕ್ಕೆ ಬಗ್ಗಿ, “ಯಾವುದಾದ್ರೂ ಒಂದು ತೋರಿಸಿಬಿಡಿ. ನೀವು ಹೇಳಿದ್ರೆ ನಂಬ್ತಾರೆ,” ಎಂದು ಪಿಸುಗುಟ್ಟಿದರು. ನಂಬುತ್ತಿದ್ದರು, ಅದು ನಿಜ. ಅಧಿಕಾರಿ ಆಗಲೇ ಬಲೆಗೆ ಗೂಟ ಎಲ್ಲಿ ಹೊಡೆಯುವುದೆಂದು ನೋಡುತ್ತಿದ್ದರು. ಎಡಗಡೆಯದು ಎಂಬ ಮಾತು ಪತ್ತೇದಾರರ ನಾಲಿಗೆಯ ತುದಿಗೂ ಬಂತು. ಅದಕ್ಕೆ ಬೇಕಾದ ನಾಲ್ಕು ಕಾರಣಗಳೂ ಹಿಂದೆಯೇ ಬಂದು ಸಾಲಾಗಿ ನಿಂತವು. ವಿಜ್ಞಾನಿಯ ಮಂಡಿಯ ತೇಪೆಗೆ ಮಣ್ಣು ಮೆತ್ತಿಕೊಂಡಿತ್ತು. ಹನ್ನೊಂದು ವರ್ಷ ಮಂಡಿಯೂರಿದ ಹೆಂಗಸು ಎಂದು ಆ ತೇಪೆಯೇ ಹೇಳುತ್ತಿತ್ತು, ಅದಕ್ಕೆ ಪತ್ತೇದಾರಿಕೆ ಬೇಕಿರಲಿಲ್ಲ. ಅವರಿಗೆ ತುಂಬಾ ನಾಚಿಕೆಯಾಯಿತು.

“ಗೊತ್ತಿಲ್ಲಮ್ಮ,” ಎಂದರು.

ಹೆಂಡತಿಯ ಕೈಯಿಂದ ಸೆರಗು ಜಾರಿತು. ಇಪ್ಪತ್ತಾರು ವರ್ಷದಲ್ಲಿ ಆಕೆ ಆ ಮಾತು ಕೇಳಿದ್ದು ಇದೇ ಮೊದಲು. ಮೇಷ್ಟ್ರು ಗಾಬರಿಯಾಗಿ, “ಮೈಗೆ ಹುಷಾರಿಲ್ವೇ?” ಎಂದು ಹಣೆ ಮುಟ್ಟಿ ನೋಡಿದರು.

ವಿಜ್ಞಾನಿ ಮಂಡಿಯ ಮಣ್ಣು ಕೊಡವಿಕೊಂಡು ಎದ್ದರು. ಬೈಯುತ್ತಾರೆಂದು ಎಲ್ಲರೂ ಕಾದರು. “ಈ ಹುಲ್ಲುಗಾವಲಿನ ಬಗ್ಗೆ ಹನ್ನೊಂದು ವರ್ಷದಿಂದ ಎಲ್ರೂ ನನಗೆ ವಿವರಿಸ್ತಾನೇ ಇದ್ದಾರೆ,” ಎಂದರು ಆಕೆ. “ಅಧಿಕಾರಿಗಳು, ಗೈಡುಗಳು, ನೋಡೋಕೆ ಬಂದವರು. ಗೊತ್ತಿಲ್ಲ ಅಂದ ಮೊದಲನೇ ಗಂಡಸು ನೀವು.” ಆಮೇಲೆ ಎರಡೂ ಬಿಲ್ಲೆಗಳನ್ನು ಒಂದಕ್ಕೊಂದು ಕಟ್ಟಿ, ಎರಡು ಗಿಡಗಳ ನಡುವೆ ಚುಚ್ಚಿದರು. “ಬಲೆ ಎರಡಕ್ಕೂ ಸೇರಿಸಿ ಹಾಕೋಣ. ಸಾಲದಿದ್ರೆ ನನ್ನ ಸೊಳ್ಳೆಪರದೆ ಇದೆ. ಹೂ ಬಿಟ್ಟಾಗ ತಿಳಿಯುತ್ತೆ.”

“ಬಿಳಿ ಮೊದಲು ಬಿಡುತ್ತೋ ನೀಲೀನೋ?” ಎಂದು ಕೇಳಿದರು ಪತ್ತೇದಾರರು.

“ನನಗೂ ಗೊತ್ತಿಲ್ಲ,” ಎಂದು ವಿಜ್ಞಾನಿ ನಕ್ಕರು. ಆ ದಿನ ಆಕೆ ನಕ್ಕಿದ್ದು ಅದೇ ಮೊದಲು. ನೋಟುಬುಕ್ಕನ್ನು ಆಕೆ ವಾಪಸು ಕೊಡಲಿಲ್ಲ. ಪತ್ತೇದಾರರೂ ಕೇಳಲಿಲ್ಲ, ರಸೀದಿಯನ್ನೂ ಬರೆಸಿಕೊಳ್ಳಲಿಲ್ಲ.

ಐದು ವಾರ ಕಳೆಯಿತು. ಪತ್ತೇದಾರರು ಕೋಣೆಯಲ್ಲಿ ಕೂತು ಒಂಟಿ ಚಪ್ಪಲಿಗಳನ್ನೂ ಊರುಗೋಲುಗಳನ್ನೂ ನೋಡುತ್ತಿದ್ದರು, ಆದರೆ ಮನಸ್ಸು ಅಲ್ಲಿರಲಿಲ್ಲ. ಬಟ್ಟೆ ಒಣಹಾಕುವಾಗ ಹೆಂಡತಿ, “ಬಿಳೀನೇ ಇರಬೇಕು ಅನ್ಸುತ್ತೆ,” ಎನ್ನುವರು. ಮೇಷ್ಟ್ರು ಕಾಂಪೌಂಡಿನ ಮೇಲಿಂದ, ಎತ್ತರ ಹಾಗೂ ಇಳಿಜಾರಿನ ಆಧಾರದ ಮೇಲೆ ನೀಲಿ ಎಂದು ಸಾಧಿಸುವರು. ಪತ್ತೇದಾರರು ಗೋಡೆಯ ಕ್ಯಾಲೆಂಡರ್ ನೋಡುವರು.

ಒಂದು ಬುಧವಾರ ಕಚೇರಿಗೆ ಫೋನು ಬಂತು. “ಎರಡರಲ್ಲಿ ಒಂದು ಇವತ್ತು ಬೆಳಗ್ಗೆ ಅರಳಿದೆ,” ಎಂದಿತು ವಿಜ್ಞಾನಿಯ ದನಿ. “ಬಣ್ಣ ಹೇಳಲ್ಲ. ಬಂದು ನೋಡಿ. ಹೂವು ಮೂರೇ ದಿನ ಇರೋದು.”

ಪತ್ತೇದಾರರು ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ವಾರದ ನಡುವೆ ಕೋಣೆಗೆ ಬೀಗ ಹಾಕಿದರು. ಮನೆಗೊಂದು ಫೋನು ಮಾಡಿ, ರಜೆಯ ಅರ್ಜಿಯನ್ನು ನಿಂತಲ್ಲೇ ಬರೆದರು. ನಿಲ್ದಾಣದ ಮೇಲಧಿಕಾರಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಕಾರಣದ ಜಾಗ ಖಾಲಿ ಬಿಟ್ಟಿದ್ದೀರಲ್ರೀ. ಎಲ್ಲಿಗೆ ಹೊರಟ್ರಿ? ಏನು ಸಿಗುತ್ತೆ ಅಲ್ಲಿ?” ಎಂದರು.

“ಗೊತ್ತಿಲ್ಲ ಸಾರ್! ಅದಕ್ಕೇ ಹೊರಟಿದ್ದೀನಿ!” ಎಂದು ಪತ್ತೇದಾರರು ಗಂಟಲು ಬಿಚ್ಚಿ ಕೂಗಿ, ಬೆಟ್ಟದ ಬಸ್ಸು ಹೊರಡುತ್ತಿದ್ದುದನ್ನು ಕಂಡು ಓಡಿದರು. ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಪಕ್ಕದ ಸೀಟು ಹಿಡಿದು ಮೊದಲೇ ಕೂತಿದ್ದರು.